ಬೂಷ್ಟು ಹಿಡಿದ ಮೇವು, ಹಸಿ ಮೆಂತ್ಯಸೊಪ್ಪು

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಚರಿತ್ರೆ ಶುರುವಾಗುವುದು ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲು ಪ್ರದೇಶಗಳಲ್ಲಿ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಮೇವಿಗೆ ತೇವ ತಗುಲಿ ಬೂಷ್ಟು ಹಿಡಿದಿತ್ತು. ಅಂಥ ಮೇವನ್ನು ದನಕ್ಕೆ ಹಾಕಬಾರದೆಂದು ಹರಿಹರದ ಹೊಳೆದಂಡೆಯ ರೈತರಿಗೆ ಯಾರೂ ಹೇಳಬೇಕಿಲ್ಲ. ಆದರೆ ಬಡತನದ ಕಾಲದಲ್ಲಿ ಬೇರೆ ಮೇವು ಎಲ್ಲಿಂದ ತರುವುದು? 1933ರಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕರುವನ್ನೂ ಹೆಪ್ಪುಗಟ್ಟದ ರಕ್ತದ ಡಬ್ಬಿಯನ್ನೂ ಹೊತ್ತು ಹಿಮದಲ್ಲಿ ಮ್ಯಾಡಿಸನ್‌ಗೆ ಬಂದ. ಅಲ್ಲಿನ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆರು ವರ್ಷ ಹುಡುಕಿ ಡೈಕೂಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ಕುಲದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧಿಯಾಯಿತು.

ಇತ್ತ ಕೋಪನ್‌ಹೇಗನ್ನಿನಲ್ಲಿ ಹೆನ್ರಿಕ್ ಡಾಮ್, ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ರಕ್ತಸ್ರಾವ ಕಂಡು, ರಕ್ತ ಹೆಪ್ಪುಗಟ್ಟಿಸುವ ಕೆ ಜೀವಸತ್ವವನ್ನು ಗುರುತಿಸಿದ. ಹಸಿರು ಸೊಪ್ಪು ಈ ಜೀವಸತ್ವವನ್ನು ದೇಹಕ್ಕೆ ಕೊಡುತ್ತದೆ. ಮಾತ್ರೆ ಅದರ ಕೆಲಸಕ್ಕೆ ತಡೆ ಹಾಕುತ್ತದೆ. ಒಂದೇ ತಟ್ಟೆಯ ಎರಡು ಎಳೆತಗಳಿವು.

ನಮ್ಮ ದಾವಣಗೆರೆ ಕಡೆ ಜೋಳದ ರೊಟ್ಟಿಯ ಪಕ್ಕ ಹಸಿ ಮೆಂತ್ಯಸೊಪ್ಪು ಇರಲೇಬೇಕು. ಹರಿಹರದ ನನ್ನ ಸೋದರತ್ತೆಗೆ ಎದೆಯಲ್ಲಿ ಲೋಹದ ಕವಾಟ ಹಾಕಿದಾಗ ಯಾರೋ ನೆರೆಯವರು, "ಸೊಪ್ಪು ಮುಟ್ಟಲೇಬ್ಯಾಡ" ಎಂದರು. ಅತ್ತೆ ಪೂರ್ತಿ ಬಿಟ್ಟರು. ಮಾತ್ರೆಯ ಪ್ರಮಾಣ ಆ ಊಟಕ್ಕೆ ತಕ್ಕಂತೆ ಗೊತ್ತಾಯಿತು. ಶ್ರಾವಣದಲ್ಲಿ ಮಾರುಕಟ್ಟೆಗೆ ಸೊಪ್ಪು ಅಗ್ಗವಾಗಿ ಬಂದಾಗ ಮನಸ್ಸು ತಡೆಯದೆ ದಿನವೂ ಹೊಟ್ಟೆ ತುಂಬ ತಿಂದರು. ಐಎನ್‌ಆರ್ 1.6ಕ್ಕೆ ಇಳಿಯಿತು, ಅವರಿಗೆ ವೈದ್ಯರು ಹೇಳಿದ್ದು 2.5ರಿಂದ 3.5. ಅಷ್ಟು ಇಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಆ ಗಡ್ಡೆ ಮಿದುಳಿಗೆ ಹೋಗಬಹುದು. "ಸೊಪ್ಪಿಲ್ಲದ ರೊಟ್ಟಿ ಯಾವ ರೊಟ್ಟಿಯೋ ತಮ್ಮಾ?" ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಈಗ ವೈದ್ಯರು ಹೇಳುವುದು ಬೇರೆ: ಸೊಪ್ಪು ಬಿಡಬೇಡಿ, ಆದರೆ ದಿನದಿನಕ್ಕೆ ಸರಿಸುಮಾರು ಒಂದೇ ಪ್ರಮಾಣ ಇರಲಿ, ಬದಲಿಸುವ ಮೊದಲು ಕೇಳಿ. ಅತ್ತೆಗೆ ಒಂದು ಸಣ್ಣ ಸ್ಟೀಲ್ ಬಟ್ಟಲೇ ಅಳತೆ. (ಬೆಣ್ಣೆದೋಸೆಯ ಮೇಲೆ ಈ ಲೆಕ್ಕದಲ್ಲಿ ದೊಡ್ಡ ದೂರಿಲ್ಲ, ಅದರ ದೂರು ಬೇರೆ.) ನೋವಿನ ಮಾತ್ರೆ, ನಾಟಿ ಔಷಧಿಗಳನ್ನು ಕೇಳದೆ ನುಂಗುವುದು ಸೊಪ್ಪಿಗಿಂತ ಅಪಾಯ. ಸೊಪ್ಪಿನ ಲೆಕ್ಕ ಬೇಡದ ಹೊಸ ಮಾತ್ರೆಗಳು ಬಂದಿವೆ, ಆದರೆ ಲೋಹದ ಕವಾಟ ಇರುವವರಿಗೆ ಅವು ಕೊಡುವಂತಿಲ್ಲ. ಹಾಗಾಗಿ ಹರಿಹರದ ಔಷಧಿ ಅಂಗಡಿಯಲ್ಲಿ ಅತ್ತೆಗೆ ಸಿಗುವುದು ಇಂದಿಗೂ ಆ ಬೂಷ್ಟು ಮೇವಿನ ಕುಲದ ಮಾತ್ರೆಯೇ.