ಪಕ್ಕದಂಗಡಿ ಮತ್ತು ಮದೀನಾದ ಪೇಟೆ

ನಮ್ಮ ಅಂಗಡಿಯ ಮಗ್ಗುಲಲ್ಲೇ ಅದೇ ಸರಕಿನ ಇನ್ನೊಂದು ಅಂಗಡಿ ತೆರೆದರೆ ಮನಸ್ಸು ಮುದುಡುತ್ತದೆ. ನನ್ನ ರಿಝ್ಕ್ ಹಂಚಿಹೋಯಿತೆಂದು ಕೊರಗುವವರಿದ್ದಾರೆ, ಬಂದವನನ್ನು ಎಬ್ಬಿಸಲು ದಾರಿ ಹುಡುಕುವವರೂ ಇದ್ದಾರೆ. ಇತಿಹಾಸ ಏನು ಹೇಳುತ್ತದೆ?

ಕ್ರಿ.ಶ. 622ರ ಹಿಜ್ರತ್‌ನ ವೇಳೆಗೆ ಮದೀನಾದಲ್ಲಿ ಬನೂ ಕೈನುಕಾ ಗೋತ್ರದ ಪೇಟೆ ಹೆಸರಾಗಿತ್ತು. ಅನ್ಸಾರಿ ಸಹೋದರ ತನ್ನ ಸಂಪತ್ತಿನ ಅರ್ಧ ಕೊಡಲು ಮುಂದಾದಾಗ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೇಳಿದ್ದು ಪೇಟೆಯ ದಾರಿಯನ್ನು ಮಾತ್ರ. ಅಲ್ಲಿ ತುಪ್ಪ, ಒಣಗಿಸಿದ ಮೊಸರಿನ ಗಟ್ಟಿಯ ವ್ಯಾಪಾರದಿಂದ ಅವರು ಬದುಕು ಕಟ್ಟಿಕೊಂಡರು. ಗಿರಾಕಿಗಳು ಮೊದಲೇ ನೆರೆಯುವ ಜಾಗವಿದ್ದುದರಿಂದಲೇ ಬರಿಗೈಯವನೂ ನಿಲ್ಲಲು ಸಾಧ್ಯವಾಯಿತು.

ಪ್ರವಾದಿ(ಸ) ಮುಸ್ಲಿಮರಿಗಾಗಿ ಬೇರೆ ಪೇಟೆಯ ಜಾಗ ಗುರುತಿಸಿದರು. ಅದನ್ನು ಯಾರೂ ಕಿರಿದುಗೊಳಿಸಬಾರದು, ಅಲ್ಲಿ ಸುಂಕ ಹಾಕಬಾರದು ಎಂದರು. ಪೇಟೆಯೂ ಮಸೀದಿಯಂತೆ, ಮೊದಲು ಬಂದವನಿಗೆ ಅಂದಿನ ಮಟ್ಟಿಗೆ ಆ ಜಾಗ ಎಂಬುದು ಹ. ಉಮರ್(ರ) ಅವರ ನಿಲುವಾಗಿತ್ತು. ಊರಿಗೆ ಬರುವ ಕಾಫಿಲಾವನ್ನು ದಾರಿಯಲ್ಲೇ ತಡೆದು ಖರೀದಿಸುವುದನ್ನೂ ಪ್ರವಾದಿ(ಸ) ನಿಷೇಧಿಸಿದರು. ಸರಕು ಒಂದೇ ಕಡೆ ಸೇರಿದರೆ ಬೆಲೆ ಎಲ್ಲರಿಗೂ ತಿಳಿಯುತ್ತದೆ, ಹೊರಗಿನಿಂದ ಬಂದವನು ಮೋಸ ಹೋಗುವುದಿಲ್ಲ.

1453ರಲ್ಲಿ ಇಸ್ತಾಂಬುಲ್ ಗೆದ್ದ ಸುಲ್ತಾನ್ ಎರಡನೇ ಮುಹಮ್ಮದ್ ಅಲ್ಲಿ ಕಟ್ಟಿಸಿದ ಬಜಾರು ಇಂದಿಗೂ ಇದೆ. ಅದರ ಅಂಗಡಿಗಳ ಆದಾಯವನ್ನು ಅಯಾ ಸೋಫಿಯಾ ಮಸೀದಿಗೆ ವಕ್ಫ್ ಮಾಡಲಾಗಿತ್ತು. ಒಂದೊಂದು ಕಸುಬಿಗೆ ಒಂದೊಂದು ಬೀದಿ. ಈಗ ಚಿನ್ನದಂಗಡಿಗಳು ತುಂಬಿರುವ ಅದರ ಮುಖ್ಯ ಬೀದಿಗೆ ಇನ್ನೂ ಟೋಪಿ ತಯಾರಕರ ಹೆಸರೇ ಉಳಿದಿದೆ.

ಊರು ಬೆಳೆದಷ್ಟೂ ಕಸುಬುಗಳು ಹೆಚ್ಚುತ್ತವೆಂದು ಇಬ್ನ್ ಖಲ್ದೂನ್ 1377ರಲ್ಲೇ ಬರೆದಿದ್ದರು. ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ನುರಿತ ಕೆಲಸಗಾರರು, ಕಚ್ಚಾ ಸರಕು, ಕಸುಬಿನ ಗುಟ್ಟು ಎಲ್ಲರಿಗೂ ಸುಲಭವಾಗಿ ಸಿಗುತ್ತವೆಂದು ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ವಿವರಿಸಿದರು. 1929ರಲ್ಲಿ ಅಮೆರಿಕದ ಹೆರಾಲ್ಡ್ ಹೊಟೆಲಿಂಗ್ ಇನ್ನೊಂದು ಮುಖ ತೋರಿಸಿದರು: ಒಂದೇ ಬೀದಿಯ ಇಬ್ಬರು ವ್ಯಾಪಾರಿಗಳು ಗಿರಾಕಿಗಳನ್ನು ಸೆಳೆಯಲು ನಡುಬೀದಿಗೇ ಸರಿಯುತ್ತಾರೆ, ಬೀದಿಯ ಕೊನೆಯಲ್ಲಿರುವ ಮನೆಯವರು ದೂರ ನಡೆಯಬೇಕಾಗುತ್ತದೆ.

ಇದರಲ್ಲಿ ನಮಗೂ ಪಾಠವಿದೆ. ಬಟ್ಟೆ, ಚಿನ್ನ, ಚಪ್ಪಲಿ ಕೊಳ್ಳುವವರು ನಾಲ್ಕು ಕಡೆ ನೋಡಿಯೇ ಕೊಳ್ಳುತ್ತಾರೆ. ಅಂಥ ಅಂಗಡಿಗಳು ಜೊತೆಯಾಗಿದ್ದರೆ ದೂರದ ಗಿರಾಕಿಯೂ ಬರುತ್ತಾನೆ, ಪಕ್ಕದಂಗಡಿ ನಮಗೂ ಜನ ತರುತ್ತದೆ. ಹಾಲು, ತರಕಾರಿ, ದಿನಸಿಯದು ಬೇರೆ ಮಾತು. ಅವು ಮನೆಯ ಹತ್ತಿರ ಸಿಗಬೇಕು. ಅಂಗಡಿಯಿಲ್ಲದ ಮೊಹಲ್ಲಾದಲ್ಲಿ ಅದನ್ನು ತೆರೆಯುವವನಿಗೆ ವ್ಯಾಪಾರವೂ ಆಗುತ್ತದೆ, ವೃದ್ಧರು ಮತ್ತು ಬಡವರಿಗೆ ಉಪಕಾರವೂ ಆಗುತ್ತದೆ.

ಪಕ್ಕದವನು ಬಂದದ್ದರಿಂದ ಬರಕತ್ ಹೋಗುವುದಿಲ್ಲ. ದಾರಿ ಒತ್ತುವುದು, ತೂಕದಲ್ಲಿ ಕಡಿತ, ಸಹೋದರನ ವ್ಯಾಪಾರ ಕುದುರಿದ ಮೇಲೆ ನಡುವೆ ನುಗ್ಗುವುದು, ಇವು ಬರಕತ್ತನ್ನು ಅಳಿಸುತ್ತವೆ. ಜುಮಾದ ಕರೆ ಬಂದಾಗ ವ್ಯಾಪಾರ ಬಿಟ್ಟು ಬರಲು, ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿ ಅಲ್ಲಾಹನ ಅನುಗ್ರಹ ಅರಸಲು ಕುರ್‌ಆನ್ ಆದೇಶಿಸುತ್ತದೆ. ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತವರು ಪೇಟೆಯಲ್ಲೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡಲಿ.