‘ನಿತ್ರೊನ್’ ಶಬ್ದದ ಅರ್ಥಾಂತರ

ರಸಾಯನಶಾಸ್ತ್ರದಲ್ಲಿ ಸೋಡಿಯಂ ಧಾತುವಿನ ಸಂಕೇತವು ‘ಎನ್‌ಎ’, ನೈಟ್ರೊಜನ್ನಿನದು ‘ಎನ್’. ಒಂದು ಲೋಹ, ಮತ್ತೊಂದು ವಾಯು. ಗುಣದಲ್ಲಿ ಸಾಮ್ಯವಿಲ್ಲದ ಈ ಎರಡರ ಸಂಕೇತಗಳೂ ಒಂದೇ ಶಬ್ದದಿಂದ ಹುಟ್ಟಿದವು. ಆ ಶಬ್ದದ ಚರಿತ್ರೆಯನ್ನರಿಯದೆ ಪ್ರಾಚೀನ ಗ್ರಂಥಗಳನ್ನೋದುವವರು ಅರ್ಥನಿರ್ಣಯದಲ್ಲಿ ಎಡವುವ ಸಂಭವವುಂಟು.

ಈಜಿಪ್ಟಿನ ಮರುಭೂಮಿಯಲ್ಲಿ ಸರೋವರಗಳು ಬತ್ತಿದಾಗ ದಡದಲ್ಲಿ ಉಳಿಯುವ ಬಿಳಿಯ ಕ್ಷಾರವನ್ನು ಅಲ್ಲಿನ ಪ್ರಾಚೀನರು ಬಟ್ಟೆಯೊಗೆಯುವುದಕ್ಕೂ ಶವರಕ್ಷಣೆಗೂ ಬಳಸುತ್ತಿದ್ದರು. ಅದನ್ನು ‘ನೆಚೆರಿ’ ಎಂದು ಕರೆದರು. ದೇವವಾಚಕವಾದ ‘ನೆಚೆರ್’ ಶಬ್ದದೊಡನೆ ಇದಕ್ಕೆ ಸಂಬಂಧವನ್ನು ಕಲ್ಪಿಸುವುದುಂಟು. ಇದೇ ಶಬ್ದವು ಹೀಬ್ರೂ ಭಾಷೆಯಲ್ಲಿ ‘ನೆತೆರ್’ ಎಂದೂ ಗ್ರೀಕಿನಲ್ಲಿ ‘ನಿತ್ರೊನ್’ ಎಂದೂ ಕಾಣುತ್ತದೆ. ಹೆರೊಡೋಟಸನು ‘ಲಿತ್ರೊನ್’ ಎಂಬ ರೂಪವನ್ನು ಪ್ರಯೋಗಿಸಿದ್ದಾನೆ. ಲ್ಯಾಟಿನ್ನಿನಲ್ಲಿ ಅದು ‘ನಿತ್ರುಮ್’ ಆಯಿತು.

ಮಧ್ಯಯುಗದ ಯೂರೋಪಿನಲ್ಲಿ ಕೋವಿಮದ್ದಿನ ಬಳಕೆ ಹೆಚ್ಚಿದಂತೆ ‘ನಿತ್ರುಮ್’ ಎಂಬ ಹೆಸರು ಕ್ರಮೇಣ ಪೆಟ್ಲುಪ್ಪಿಗೆ ಸಂದಿತು. ಗ್ರೀಕಿನಿಂದ ಅರಬ್ಬಿಗೆ ಹೋದ ‘ನತ್ರೂನ್’ ರೂಪವಾದರೋ ಹಳೆಯ ಅರ್ಥವನ್ನೇ ಉಳಿಸಿಕೊಂಡು ಯೂರೋಪಿಗೆ ಹಿಂದಿರುಗಿತು. 1790ರಲ್ಲಿ ಶಾಪ್ಟಾಲನು ಪೆಟ್ಲುಪ್ಪಿನ ಅಂಗವಾದ ವಾಯುವಿಗೆ ‘ನಿತ್ರೊನ್ನಿನ ಜನಕ’ವೆಂಬರ್ಥದ ನೈಟ್ರೊಜನ್ ನಾಮವನ್ನಿತ್ತನು. 1807ರಲ್ಲಿ ಡೇವಿಯು ದಾಹಕ ಸೋಡದಿಂದ ಬೇರ್ಪಡಿಸಿ ಸೋಡಿಯಂ ಎಂದು ಕರೆದ ಲೋಹಕ್ಕೆ ಬರ್ಜೀಲಿಯಸನು ‘ನೇಟ್ರಿಯಂ’ ಎಂಬ ಹೆಸರನ್ನು ಬಳಸಿದನು. ಅದರ ಮೊದಲಕ್ಷರಗಳೇ ‘ಎನ್‌ಎ’.

ಈ ಅರ್ಥಾಂತರದ ಫಲವನ್ನು ಬೈಬಲಿನ ಜ್ಞಾನೋಕ್ತಿಗಳಲ್ಲಿ ನೋಡಬಹುದು. ದುಃಖಿತನ ಮುಂದೆ ಹಾಡುವುದನ್ನು ಅಲ್ಲಿನ ಹೀಬ್ರೂ ಪಾಠವು ನೆತೆರಿನ ಮೇಲೆ ಹುಳಿರಸವನ್ನು ಸುರಿಯುವುದಕ್ಕೆ ಹೋಲಿಸುತ್ತದೆ. 1611ರ ಇಂಗ್ಲಿಷ್ ಭಾಷಾಂತರದಲ್ಲಿ ಇಲ್ಲಿ ‘ನೈಟರ್’ ಎಂದಿದೆ. ಅದನ್ನು ಪೆಟ್ಲುಪ್ಪೆಂದು ತಿಳಿದವನಿಗೆ ಉಪಮೆಯು ನಿಷ್ಫಲ. ಹುಳಿರಸದಿಂದ ಪೆಟ್ಲುಪ್ಪಿಗೆ ಯಾವ ವಿಕಾರವೂ ಇಲ್ಲ. ಸೋಡಕ್ಷಾರವಾದರೆ ಹುಳಿ ತಾಗಿದೊಡನೆ ನೊರೆಯುಕ್ಕುತ್ತದೆ, ಕೊಳೆ ತೆಗೆಯುವ ಗುಣವೂ ಕೆಡುತ್ತದೆ. ಸಮಯವರಿಯದ ಹಾಡು ಮನಸ್ಸನ್ನು ಕಲಕುವುದೇ ಹೊರತು ಸಂತೈಸಲಾರದೆಂಬ ಭಾವವು ಆಗ ಸ್ಫುಟವಾಗುತ್ತದೆ.

ಅಗಸರ ಚೌಳುಮಣ್ಣಿಗೂ ಮದ್ದಿನ ಪೆಟ್ಲುಪ್ಪಿಗೂ ಕನ್ನಡದಲ್ಲಿ ಬೇರೆ ಬೇರೆ ಹೆಸರುಗಳಿರುವುದರಿಂದ ಇಂತಹ ಭ್ರಾಂತಿಗೆ ಆಸ್ಪದವಿಲ್ಲ. ಆದರೆ ‘ನೈಟರ್’ ಎಂಬುದನ್ನು ಪರಭಾಷೆಯಿಂದ ಕನ್ನಡಿಸುವಾಗ ಎರಡರಲ್ಲಿ ಯಾವುದೆಂದು ಗ್ರಂಥದ ಕಾಲವನ್ನೂ ವಸ್ತುವಿನ ಗುಣವನ್ನೂ ನೋಡಿಯೇ ನಿರ್ಣಯಿಸಬೇಕಾಗುತ್ತದೆ, ನಿಘಂಟೊಂದೇ ಸಾಲದು.