ಹಿಸಾಬು: ಧಾರವಾಡದಿಂದ ನೈರೋಬಿವರೆಗೆ

ಹಿಸಾಬು

‘ಯಂತ್ರ ಕಲಿಯುತ್ತದೆ’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಆ ಯಂತ್ರ ಮಾಡುವುದು ಮೂಲತಃ ಹಿಸಾಬು, ಅಂದರೆ ಲೆಕ್ಕ. ‘ಎಣಿಸು’ ಎಂಬರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿದ ‘ಹಿಸಾಬ್’ ಪಾರಸಿಯ ಮೂಲಕ ನಮ್ಮ ನಾಡಿಗೆ ಬಂತು. ಧಾರವಾಡದ ಕಡೆ ‘ಹಿಸಾಬು ಮುಗಿಸ್ರಿ’ ಎಂದರೆ ಬಾಕಿ ತೀರಿಸಿ ಎಂದೇ. ಇದೇ ಪದ ಕಡಲಾಚೆ ಆಫ್ರಿಕಾದ ದಡದಲ್ಲೂ ಇಳಿಯಿತು: ಸ್ವಾಹಿಲಿಯಲ್ಲಿ ‘ಹೆಸಾಬು’ ಎಂದರೆ ಎಣಿಕೆ, ಲೆಕ್ಕ, ‘ಹಿಸಾಬಾತಿ’ ಎಂದರೆ ಗಣಿತ. ಅರಬ್ಬಿಯಲ್ಲಂತೂ ಕಂಪ್ಯೂಟರಿಗೇ ‘ಹಾಸೂಬ್’ ಎಂಬ ಹೆಸರುಂಟು. ಎಷ್ಟು ಸೊಗಸಾದ ನಂಟು!

ನೈರೋಬಿ ವಿಶ್ವವಿದ್ಯಾಲಯದ ಪೀಟರ್ ವೈಗಾಂಜೊ ವಗಾಚ, ಬೆಲ್ಜಿಯಂನ ಗೀ ದ ಪಾವ್ ಮತ್ತು ಸಂಗಡಿಗರು 2006ರಲ್ಲಿ ಕೆನ್ಯಾದ ಗಿಕುಯು ಭಾಷೆಗಾಗಿ ಮಾಡಿದ್ದು ಯಂತ್ರ ಕಲಿಕೆಯ ಇಂಥದೇ ಹಿಸಾಬು. ಆ ಭಾಷೆಯ 7 ಸ್ವರಾಕ್ಷರಗಳಲ್ಲಿ 2ರ ನೆತ್ತಿಯ ಮೇಲೆ ಅಲೆಯಂಥ ಗೆರೆಯಿದೆ. ಕೀಲಿಮಣೆಯಲ್ಲಿ ಅದು ಸುಲಭಕ್ಕೆ ಸಿಗದಿರುವುದರಿಂದ ಟೈಪ್ ಮಾಡುವವರು ಬಿಟ್ಟುಬಿಡುತ್ತಾರೆ. ಅಕ್ಕಪಕ್ಕದ ಅಕ್ಷರಗಳನ್ನಷ್ಟೇ ನೋಡಿ, ಮೊದಲು ಕಂಡ ಉದಾಹರಣೆಗಳಿಗೆ ಹೋಲಿಸಿ, ಗೆರೆ ಎಲ್ಲಿರಬೇಕೆಂದು ಯಂತ್ರ ಊಹಿಸಿತು. ಅದಕ್ಕೆ ಬೇಕಾದದ್ದು ತಪ್ಪಿಲ್ಲದ ಒಂದಿಷ್ಟು ಬರಹ.

ಕನ್ನಡದ ಯಂತ್ರಗಳಿಗೂ ಅದೇ ಬೇಕು. ದೀರ್ಘ, ಒತ್ತು ಬಿಡದೆ ಟೈಪ್ ಮಾಡಿ.